ಉಂಟು

ಮೂರನೆಯ ಪ್ರಶ್ನೆ. ಬಿಟ್ಟ ಸ್ಥಳ ತುಂಬಿರಿ. ಒಂದು ಅಂಕ.
'ನೀರಿಗೆ ಬಣ್ಣ, ವಾಸನೆ, ರುಚಿ ..........'
ಚುಕ್ಕಿಗಳ ಮೇಲೆ ಪೆನ್ಸಿಲನ್ನು ಒತ್ತಿ ಒತ್ತಿ
ಮನ್ವಿತಾ ತಿಂಗಳಾಯ, ಐದನೇ ತರಗತಿ,
ಬರೆದಿದ್ದಾಳೆ: ಉಂಟು.

ಕೆಂಪು ಪೆನ್ನು ಅಲ್ಲೇ ನಿಂತಿತು.
ರಾತ್ರಿ ಹತ್ತೂವರೆ. ಇನ್ನೂ ಇಪ್ಪತ್ತೆರಡು ಪೇಪರು ಬಾಕಿ.
ಮೊದಲು ಹೊಳೆದದ್ದು ನಾಚಿಕೆಗೇಡು, ಹೇಳಿಬಿಡುತ್ತೇನೆ:
ಪರೀಕ್ಷೆಯಲ್ಲಿ 'ಉಂಟು' ಅಲ್ಲ ಮಗು, 'ಇದೆ' ಅಂತ ಬರೆಯಬೇಕು.

ಅವಳ ಮನೆ ಮಲ್ಪೆಗೆ ಹೋಗುವ ದಾರಿಯಲ್ಲಿ, ತೋಡಿನ ಬದಿ.
ಮಳೆಗಾಲದಲ್ಲಿ ತೋಡು ಅಂಗಳಕ್ಕೆ ಬರುತ್ತದೆ,
ಬೇಸಿಗೆಯಲ್ಲಿ ಬಾವಿಗೆ.
ಪೇಟೆಯ ಹೋಟೆಲು, ಲಾಡ್ಜು, ಫ್ಲ್ಯಾಟುಗಳು ತೊಳೆದು ಬಿಟ್ಟದ್ದೆಲ್ಲ
ರಾತ್ರಿ ಹೊತ್ತು ಸದ್ದಿಲ್ಲದೆ
ಕೆಂಪುಕಲ್ಲಿನ ಸಂದಿಯಲ್ಲಿ ಇಳಿದುಕೊಂಡು.

ಹಾಜರಿ ಪುಸ್ತಕ ತೆಗೆದು ನೋಡಿದೆ.
ಜೂನಿನಲ್ಲಿ ಐದು ದಿನ, ಜುಲೈಯಲ್ಲಿ ಒಂಬತ್ತು,
ಆಗಸ್ಟಿನಲ್ಲಿ ಕಾಮಾಲೆ, ಇಡೀ ತಿಂಗಳು ಒಂದೇ ಅಕ್ಷರ: ಗೈ, ಗೈ, ಗೈ.
ಭಾಗಾಕಾರ ಕಲಿಸಿದ್ದು ಆಗಸ್ಟಿನಲ್ಲಿ.
ಅವಳ ಲೆಕ್ಕಗಳೆಲ್ಲ ಶೇಷದವರೆಗೆ ಬಂದು
ಕಡವಿನ ದೋಣಿ ತಪ್ಪಿದವರ ಹಾಗೆ ನಿಂತುಬಿಡುತ್ತವೆ.
ಆದರೆ 'ಹೊಟ್ಟೆನೋವು' ಬರೆಯುವಾಗ
ಒತ್ತಕ್ಷರ ಒಂದು ದಿನವೂ ತಪ್ಪಿದ್ದಿಲ್ಲ.
ರಜಾ ಅರ್ಜಿ ಅವಳೇ ಬರೆಯುವುದು. ಅಮ್ಮ
ಮೀನು ವಿಂಗಡಿಸಲು ನಸುಕಿಗೇ ಬಂದರಿಗೆ ಹೋಗುತ್ತಾಳೆ;
ಕೆಳಗಿನ ಸಹಿ ಮಾತ್ರ ಅವಳದು,
ಪಕ್ಕದಲ್ಲಿ ಒಣಗಿ ಅಂಟಿದ ಒಂದು ಹುರುಪೆ.

ಕಳೆದ ತಿಂಗಳು, ಊಟದ ನಂತರದ ಪೀರಿಯಡ್,
ಡೆಸ್ಕಿಗೆ ತಲೆಯಿಟ್ಟವಳನ್ನು ಎಬ್ಬಿಸಿ
ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ನಾನೇ.
ಗೋಡೆಯಲ್ಲಿ ಜಲಚಕ್ರದ ಚಾರ್ಟು:
ನೀಲಿ ಸಮುದ್ರ, ನೀಲಿ ಬಾಣ, ನಗುವ ಮೋಡ.
ಅವು ಬೆಳಿಗ್ಗೆ ಐದಕ್ಕೇ ಎದ್ದು
ಟ್ಯಾಂಕರಿನ ಸಾಲಿನಲ್ಲಿ ನಿಂತು ಬಂದ ಕಾಲುಗಳೆಂದು
ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಗೊತ್ತಾದದ್ದು ಮನೆಗೆ ಹೋದಾಗ.
ಅಜ್ಜಿ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟು,
ನಾನು ಕೈ ಚಾಚುವಷ್ಟರಲ್ಲಿ
'ಬೇಡ ಟೀಚರೇ, ಇದು ನಿಮಗೆ ಆಗ್ಲಿಕ್ಕಿಲ್ಲ' ಎಂದು
ಚೊಂಬನ್ನು ಹಿಂದಕ್ಕೆ ಎಳೆದುಕೊಂಡರು.
ಬೆಲ್ಲ ಉಳಿಯಿತು.
ಒಣ ಬಾಯಲ್ಲಿ ಅದನ್ನು ಎಷ್ಟು ಹೊತ್ತು ಇಟ್ಟುಕೊಂಡಿದ್ದೆನೋ.

ಮನ್ವಿತಾ ಬಾವಿಕಟ್ಟೆಗೆ ಕರೆದುಕೊಂಡು ಹೋದಳು,
ಶಾಲೆ ತೋರಿಸುವ ಮುಖ್ಯೋಪಾಧ್ಯಾಯರ ಗತ್ತಿನಲ್ಲಿ.
'ಬೆಳಿಗ್ಗೆ ಚಾದ ಬಣ್ಣ ಟೀಚರ್, ಸಂಜೆಗೆ ಕಪ್ಪು.
ಮೇಲೆ ನವಿಲಿನ ಬಣ್ಣ ಇರ್ತದೆ, ಕೋಲು ಹಾಕಿದ್ರೆ ಓಡಿಹೋಗ್ತದೆ.
ವಾಸನೆ ಹಾಳಾದ ಮೊಟ್ಟೆಯದ್ದು.
ರುಚಿ...' ಸ್ವಲ್ಪ ಯೋಚಿಸಿ,
'ಬೀಗದ ಕೈ ನೆಕ್ಕಿದ ಹಾಗೆ.'

ಇಡೀ ವರ್ಷ ನನ್ನ ತರಗತಿಯಲ್ಲಿ
ಯಾರೂ ಇಷ್ಟು ಪೂರ್ತಿ ಉತ್ತರ ಹೇಳಿರಲಿಲ್ಲ.

ಪೇಪರು ಬಿಟ್ಟು ಅಡುಗೆಮನೆಗೆ ಹೋದೆ.
ನಮ್ಮದು ಎತ್ತರದ ಜಾಗ, ಹೊಸ ಪೈಪು.
ಗಾಜಿನ ಲೋಟ ತುಂಬಿ ಬಲ್ಬಿಗೆ ಹಿಡಿದೆ.
ಪಾಠಪುಸ್ತಕ ಅಲ್ಲಿ ಸರಿಯಾಗಿತ್ತು.
ಕುಡಿದೆ. ಬಂದು ಕೂತು
ಅವಳ 'ಉಂಟು' ಪಕ್ಕ ಸರಿ ಗುರುತು ಹಾಕಿದೆ.
ಕೂಡಿಸಿದರೆ ನಲವತ್ತಕ್ಕೆ ಹನ್ನೆರಡು.
ಆ ಒಂದು ಅಂಕ ಎಲ್ಲಿಗೂ ಮುಟ್ಟಲಿಲ್ಲ.

ಮುಂದಿನ ಪೇಪರು ಲಶಿತ್ ಕುಂದರನದು.
ಅದೇ ಬಾವಿಯ ಆಚೆ ಬದಿಯ ಮನೆ,
ಅದೇ ಹಗ್ಗ, ಅದೇ ಕೊಡಪಾನ.
ದುಂಡಗಿನ ಅಕ್ಷರದಲ್ಲಿ, ನಾನು ಬೋರ್ಡಿನಲ್ಲಿ ಬರೆಸಿದ ಹಾಗೆಯೇ,
ಬರೆದಿದ್ದಾನೆ: ಇಲ್ಲ.

ಅದಕ್ಕೂ ಸರಿ ಹಾಕಿದೆ.